ಒಂದೇ ಒಂದು ಸೇಫ್ಟಿ ಹುದ್ದೆ

ಗುಬ್ಬಿಯ ಸುಮನಾ ಇಂಡಸ್ಟ್ರಿಯಲ್ ಸೇಫ್ಟಿ ಡಿಪ್ಲೊಮಾಗೆ ಸೇರಿದಾಗ, ಈ ಕೆಲಸಕ್ಕೆ ಜನವೇ ಸಿಗುವುದಿಲ್ಲ ಎಂದು ಕಾಲೇಜಿನವರು ಹೇಳಿದ್ದರು. ಓದು ಮುಗಿಸಿ ಹೊರಗೆ ಬಂದರೆ ಎಲ್ಲೆಲ್ಲೂ ಜನ. ಎಷ್ಟೇ ದೊಡ್ಡ ಕಾರ್ಖಾನೆಯಾದರೂ ಬೇಕಾಗುವುದು ಒಬ್ಬರೋ ಇಬ್ಬರೋ ಸೇಫ್ಟಿ ಆಫೀಸರ್. ಆ ಒಂದು ಕುರ್ಚಿಗೆ ಎಂಜಿನಿಯರಿಂಗ್ ಮಾಡಿದವರು, ಮಸ್ಕತ್‌ನಲ್ಲಿ ದುಡಿದು ವಾಪಸಾದವರು ಎಲ್ಲರೂ ಮುಗಿಬೀಳುತ್ತಿದ್ದರು. ಹೆಣ್ಣುಮಗಳು, ನೈಟ್ ಶಿಫ್ಟಿಗೆ ಆಗುವುದಿಲ್ಲ ಎಂದು ಅವಳ ಮುಖಕ್ಕೇ ಹೇಳಿ ಕಳಿಸಿದವರೂ ಇದ್ದರು.

ಮೊದಮೊದಲು ಅವಳು ಬಚ್ಚಲುಮನೆ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಬರುಬರುತ್ತಾ ಅಳು ನಿಂತಿತು, ಸಿಟ್ಟೂ ನಿಂತಿತು. ಇಂಟರ್‌ವ್ಯೂಗೆ ಕರೆ ಬಂದರೆ ಹೋಗುವುದು, ಬರುವುದು, ಊಟ ಮಾಡಿ ಮಲಗುವುದು.

ವಸಂತನರಸಾಪುರದ ಒಂದು ಕಾರ್ಖಾನೆಯಿಂದ ಕರೆ ಬಂದಾಗಲೂ ಹಾಗೇ ಹೊರಟಳು. ತುಮಕೂರಿಗೆ ಬಂದು, ಶಿರಾ ಗೇಟಿನಲ್ಲಿ ಇನ್ನೊಂದು ಬಸ್ಸು ಹಿಡಿದಳು. ಕಾರ್ಖಾನೆಯ ಗೇಟಿನ ಪಕ್ಕದ ಶಾಮಿಯಾನದ ಕೆಳಗೆ ಆಗಲೇ ಕುರ್ಚಿಗಳು ತುಂಬಿದ್ದವು. ಅವಳ ಜೊತೆ ಓದಿದ ಕುಣಿಗಲ್ಲಿನ ಲಕ್ಷ್ಮೀಕಾಂತ್ ಕೈಯೆತ್ತಿ ಕರೆದು ಪಕ್ಕದಲ್ಲಿ ಜಾಗ ಮಾಡಿಕೊಟ್ಟ.

"ಎಲ್ಲಾ ನಮ್ಮೋರೇ ಕಣೇ," ಅಂದ.

ಎದುರಿನ ಶೆಡ್ಡಿನ ಚಾವಣಿಯ ಮೇಲೆ ಒಬ್ಬ ಓಡಾಡುತ್ತಿದ್ದ. ಸೊಂಟಕ್ಕೆ ಸೇಫ್ಟಿ ಬೆಲ್ಟಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ಅಲ್ಲಲ್ಲಿ ಬೆಳಕಿಗೆಂದು ಹಾಕಿದ್ದ ಪ್ಲಾಸ್ಟಿಕ್ ಶೀಟು ಬಿಸಿಲಿಗೆ ಹಳದಿಗಟ್ಟಿತ್ತು. ಕಾಲಿಟ್ಟರೆ ಹಪ್ಪಳದಂತೆ ಮುರಿಯುವಂಥದ್ದು. ಕೂತಿದ್ದವರೆಲ್ಲ ಸೇಫ್ಟಿ ಓದಿದವರೇ, ಎಲ್ಲರಿಗೂ ಕಾಣುತ್ತಿತ್ತು. ಕೆಲಸ ಕೇಳಲು ಬಂದ ಕಡೆ ಬಾಯಿ ಹಾಕುವುದು ಯಾರಿಗೆ ಬೇಕು? ಕೆಲವರು ಮೊಬೈಲ್ ನೋಡತೊಡಗಿದರು.

ಸುಮನಾ ಎದ್ದಳು. ಧೈರ್ಯ ಬಂತೆಂದಲ್ಲ. ಈ ಕೆಲಸವೂ ಸಿಗುವುದಿಲ್ಲವೆಂಬುದು ಅವಳ ಮಟ್ಟಿಗೆ ಆಗಲೇ ತೀರ್ಮಾನವಾಗಿಹೋಗಿತ್ತು.

"ಎಲ್ಲಿಗೆ? ಇನ್ನೇನು ನಿನ್ ಹೆಸರು ಕೂಗ್ತಾರೆ," ಅಂದ ಲಕ್ಷ್ಮೀಕಾಂತ್.

ಅವಳು ಏಣಿಯ ಬುಡಕ್ಕೆ ಹೋಗಿ ಕೂಗಿದಳು. "ಅಣ್ಣಾ, ಇಳ್ದು ಬನ್ನಿ. ಆ ಶೀಟ್ ತಡಿಯಲ್ಲ."

ಮೇಲಿದ್ದವನು ಓಬಳಯ್ಯ, ನಡುವಯಸ್ಸಿನ ಆಳು. ಬಗ್ಗಿ ನೋಡಿದ. "ನೀನ್ಯಾರವ್ವಾ? ಕಂಪ್ನಿಯೋಳಾ?"

"ಅಲ್ಲ. ಇಂಟರ್‌ವ್ಯೂಗೆ ಬಂದಿದೀನಿ."

"ಮತ್ ನಿಂಗ್ಯಾಕೆ ಬುಡು. ಇಳುದ್ರೆ ಮೇಸ್ತ್ರಿ ಬೈತಾನೆ."

"ಬೈದ್ರೆ ಬೈಲಿ. ನಾನು ಏಣಿ ಹಿಡ್ಕೊಂಡಿರ್ತೀನಿ, ನಿಧಾನಕ್ಕೆ ಬನ್ನಿ."

ಅವನು ಗೊಣಗುತ್ತಲೇ ಇಳಿದ. ಮೇಸ್ತ್ರಿ ಓಡಿಬಂದು ಇಬ್ಬರನ್ನೂ ಸೇರಿಸಿ ಬೈದ. ಬೈಗುಳ ಮುಗಿಯುವವರೆಗೂ ಅವಳು ಏಣಿ ಬಿಡಲಿಲ್ಲ. ಕೊನೆಗೆ ಅವನೇ ಬೆಲ್ಟು ತರಿಸಿದ. ಅಷ್ಟರಲ್ಲಿ ಅವಳ ಹೆಸರು ಕೂಗಿ ಆಗಿತ್ತು. ಎಲ್ಲರದೂ ಮುಗಿದ ಮೇಲೆ ಒಳಗೆ ಕರೆದರು. ಮ್ಯಾನೇಜರ್ ಗಡಿಯಾರ ನೋಡುತ್ತಾ, ಅಪಾಯ ಕಂಡರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರು.

"ಕೆಲಸ ನಿಲ್ಲಿಸ್ತೀನಿ ಸರ್."

"ಬಂದೋರೆಲ್ಲ ಅದನ್ನೇ ಹೇಳಿದ್ರು," ಎಂದು ಫೈಲ್ ಮುಚ್ಚಿದರು. ಹೊರಗೆ ನಡೆದದ್ದನ್ನು ಅವಳು ಹೇಳಲಿಲ್ಲ. ಹೇಳಬೇಕೆಂದು ಅನ್ನಿಸಲೇ ಇಲ್ಲ.

ಕೆಲಸ ಲಕ್ಷ್ಮೀಕಾಂತನಿಗೆ ಸಿಕ್ಕಿತು.

ಕೆಲವು ತಿಂಗಳ ಮೇಲೆ ಅವನ ಫೋನು ಬಂತು. "ಸುಮನಾ, ಇಲ್ಲಿ ಕಂಟ್ರಾಕ್ಟ್ ಮೇಲೆ ಒಬ್ರು ಸೇಫ್ಟಿ ಸೂಪರ್‌ವೈಸರ್ ಬೇಕು. ನನ್ ಕೈಕೆಳಗೆ... ಬರ್ತೀಯಾ?"

"ಬರ್ತೀನಿ."

"ಅವತ್ತು ನೀನೊಬ್ಳೇ ಎದ್ದು ಹೋದೆ, ನಾವೆಲ್ಲ ನೋಡ್ತಾ ಕೂತಿದ್ವಿ ಕಣೇ," ಅಂದ ಅವನು.

ಅವಳಿಗೆ ಸಮಾಧಾನವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. "ಯಾವತ್ತಿಂದ ಬರ್ಬೇಕು?" ಎಂದು ಕೇಳಿದಳು.

ಸುದ್ದಿ ಕೇಳಿ ಅವ್ವ ತಿಪ್ಪಮ್ಮ ಶಾವಿಗೆ ಪಾಯಸ ಮಾಡಿದಳು. ಲೋಟ ಕೈಗಿಟ್ಟು ಮಗಳ ಮುಖವನ್ನೇ ನೋಡಿದಳು. "ಖುಷಿ ಇಲ್ವೇನೇ?"

"ಇದೆ ಕಣವ್ವ," ಎಂದು ಸುಮನಾ ಪಾಯಸ ಕುಡಿದಳು.

ಸೋಮವಾರ ಕಾರ್ಖಾನೆಯ ಕಚೇರಿಯಲ್ಲಿ ಗುರುತಿನ ಚೀಟಿಗೆ ಫೋಟೊ ತೆಗೆದರು. "ಸ್ವಲ್ಪ ನಗಿ ಮೇಡಂ," ಅಂದ ಕ್ಯಾಮೆರಾ ಹಿಡಿದವನು. ಅವಳು ತುಟಿ ಅಗಲಿಸಿದಳು. ಅಷ್ಟು ಸಾಕೆಂದ.