ನ್ಯಾರಗಾನ್ಸೆಟ್ ಕೋಟೆಗೆ ಫಸ್ಟ್ ಪ್ರೈಜ್

ಆಗ ಸಿಂಗಪುರದ ಜುರಾಂಗ್ ವೆಸ್ಟಿನ ಕನ್ನಡದ ಮನೆಗಳಲ್ಲಿ ದಸರಾ ಅಂದರೆ ಭಕ್ತಿಗಿಂತ ಪೈಪೋಟಿ ಜಾಸ್ತಿ. ಯಾರ ಮನೆಯ ಗೊಂಬೆ ಚೆಂದ ಎಂದು ತೀರ್ಪು ಕೊಡಲು ಪ್ರಕಾಶ್ ಅಂಕಲ್ ಮನೆಮನೆಗೆ ಬರುತ್ತಿದ್ದರು, ನ್ಯಾಯಾಧೀಶರ ಗತ್ತಿನಲ್ಲಿ ಎರಡೆರಡು ಸಲ ಉಸ್ಲಿ ಹಾಕಿಸಿಕೊಳ್ಳುತ್ತಿದ್ದರು. ಇಂಥ ಅಂಕಲ್ ಒಬ್ಬರು ನಿಮಗೂ ಗೊತ್ತಿರುತ್ತಾರೆ.

ಆ ವರ್ಷ ನಾನು ಪ್ರೈಮರಿ ಸಿಕ್ಸ್. ಹಬ್ಬದ ಬೆನ್ನಿಗೇ ಪಿಎಸ್‌ಎಲ್‌ಇ. ಮುಂದೆ ಯಾವ ಸ್ಕೂಲು ಎಂದು ತೀರ್ಮಾನಿಸುವ ಪರೀಕ್ಷೆ. ಓದಬೇಕಾಗಿದ್ದ ನಾನೂ ನನ್ನದೇ ಕ್ಲಾಸಿನ, ಪಕ್ಕದ ಬ್ಲಾಕಿನ ನಿಖಿಲನೂ ಲೈಬ್ರರಿಯಲ್ಲಿ ಅಮೆರಿಕದ ಹಳೇ ಯುದ್ಧಗಳ ಚಿತ್ರಪುಸ್ತಕ ಹಿಡಿದು ಕೂತಿದ್ದೆವು. ಅದರಲ್ಲಿ ನ್ಯಾರಗಾನ್ಸೆಟ್ ಎಂಬ ಜನರ ಕಥೆಯಿತ್ತು. ಅಲ್ಲಿ ಬಂದು ನೆಲೆಸಿದ ಇಂಗ್ಲಿಷರಿಗೂ ಪಕ್ಕದ ಇನ್ನೊಂದು ಬುಡಕಟ್ಟಿಗೂ ಯುದ್ಧ ಹತ್ತಿಕೊಂಡಾಗ, ಆ ಬುಡಕಟ್ಟಿನ ಹೆಂಗಸರು, ಮಕ್ಕಳು, ಮುದುಕರು ಓಡಿಬಂದು ಇವರ ಆಸರೆ ಪಡೆದರು. ಅವರನ್ನು ಒಪ್ಪಿಸಿ ಎಂದರು ಇಂಗ್ಲಿಷರು. ನ್ಯಾರಗಾನ್ಸೆಟ್ ಜನ ಒಪ್ಪಿಸಲಿಲ್ಲ. ಚಳಿಗಾಲದಲ್ಲಿ ಅವರ ಕೋಟೆಯ ಸುತ್ತಲಿನ ಜೌಗು ಹೆಪ್ಪುಗಟ್ಟಿದಾಗ ಸೈನ್ಯ ಅದರ ಮೇಲೆ ನಡೆದುಬಂದು, ಕೋಟೆಗೆ ನುಗ್ಗಿ, ಒಳಗಿದ್ದವರ ಸಮೇತ ಗುಡಿಸಲುಗಳಿಗೆ ಬೆಂಕಿಯಿಟ್ಟಿತು.

“ಈ ಸಲ ಗೊಂಬೆಗೆ ಇದೇ ಥೀಮ್” ಎಂದೆ.

“ಎಲ್ರೂ ಸೀತಾ ಕಲ್ಯಾಣ ಮಾಡ್ತಾರೆ, ನಿಂಗೆ ಯಾರ್ದೋ ಊರಿಗೆ ಬೆಂಕಿ ಬೀಳೋದೇ ಬೇಕಾ?” ಎಂದರು ಅಮ್ಮ.

“ಎಲ್ರೂ ಅದನ್ನೇ ಮಾಡ್ತಾರಲ್ಲಮ್ಮ, ಬೋರಿಂಗ್ ಲಾ! ಪ್ರೈಜ್ ಬೇಕೋ ಬೇಡ್ವೋ?” ಸ್ಕೂಲಿನ ‘ಲಾ’ ನನ್ನ ಕನ್ನಡಕ್ಕೂ ಅಂಟಿತ್ತು.

ಪ್ರೈಜ್ ಅಂದಮೇಲೆ ಅಮ್ಮ ಒಪ್ಪಿದರು. “ಪಟ್ಟದ ಗೊಂಬೆ ಮಾತ್ರ ಮುಟ್ಟಿದ್ರೆ ಕೈ ಮುರೀತೀನಿ.”

ಜಂಬೂಸವಾರಿಯ ಬ್ಯಾಂಡ್‌ಸೆಟ್ ಗೊಂಬೆಗಳು ಇಂಗ್ಲಿಷ್ ಸೈನ್ಯವಾದವು. ಕದ್ದು ಮುತ್ತಿಗೆ ಹಾಕಬೇಕಾದವರು ತುತ್ತೂರಿ ಊದುತ್ತಾ ಹೊರಟಿದ್ದರು. ಅಂಗಡಿಯ ಡೊಳ್ಳುಹೊಟ್ಟೆ ಶೆಟ್ಟರು ಕೋಟೆ ಕಾಯುವ ನ್ಯಾರಗಾನ್ಸೆಟ್ ವೀರರು. ಆಸರೆಗೆ ಬಂದವರ ಪಾತ್ರಕ್ಕೆ ನಿಖಿಲ್ ತನ್ನ ಅಮ್ಮ ಸುಮಾ ಆಂಟಿಯ ಗೊಂಬೆಗಳನ್ನು ತಂದ: ರಾಗಿ ಬೀಸುವ ಅಜ್ಜಿ, ತರಕಾರಿಯವಳು, ಮಗು ಎತ್ತಿಕೊಂಡ ತಾಯಿ. ತೆಂಗಿನ ಚಿಪ್ಪು ಗುಡಿಸಲು, ಹತ್ತಿ ಹಿಮ. ಜೌಗಿಗೆಂದು ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿದ್ದೆವು. ನಾನು ನೀರು ಸುರಿದ ರಭಸಕ್ಕೆ ಅದು ನಿಜವಾದ ಜೌಗೇ ಆಗಿ, ನಾತ ಲಿಫ್ಟಿನವರೆಗೆ ಹೋಯಿತು. ಕೆಳಗಿನ ಮನೆಯ ಚೀನೀ ಆಂಟಿ, ಡ್ರೈನೇಜ್ ಒಡೆದಿದೆ ಎಂದು ಪ್ಲಂಬರನ್ನೇ ಕರೆಸಿದರು.

ಹಬ್ಬದ ಮಧ್ಯೆ ನಿಖಿಲನ ಅಪ್ಪನ ಕೆಲಸ ಹೋಯಿತು, ಕೆಲಸದ ಜೊತೆ ಈ ದೇಶದಲ್ಲಿರಲು ಕೊಟ್ಟಿದ್ದ ಪಾಸೂ ಹೋಯಿತು. ದೇಶ ಬಿಡಲು ಒಂದಿಷ್ಟು ಸಮಯವಿತ್ತು. ಕಂಪನಿಯ ಮನೆ ಬಿಡಲು ಅಷ್ಟೂ ಇರಲಿಲ್ಲ.

ಅದೇ ವಾರ ನಮ್ಮ ಮನೆಯಲ್ಲಿ ತೀರ್ಪು. ಹಾಲ್ ತುಂಬ ಜನ, ಒಗ್ಗರಣೆಯ ಇಂಗಿನ ಘಮ, ನಮ್ಮ ಜೌಗಿನ ನಾತ ಮುಚ್ಚಲು ಮೂಲೆಮೂಲೆಗೂ ಊದುಬತ್ತಿ. ಪ್ರಕಾಶ್ ಅಂಕಲ್ ಉಸ್ಲಿ ಅಗಿಯುತ್ತಲೇ ಭಾಷಣ ಮಾಡಿದರು. “ಮನೆಗ್ ಬಂದೋರನ್ನ ಪ್ರಾಣ ಹೋದ್ರೂ ಬಿಟ್ಕೊಡ್ಲಿಲ್ಲ ನೋಡಿ! ಇದು ನಮ್ ಕಲ್ಚರ್ ಕಣ್ರೀ. ಫಸ್ಟ್ ಪ್ರೈಜ್!” ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಟನಂತೆ ಬಗ್ಗಿ ನಮಸ್ಕರಿಸಲು ಹೋಗಿ ಊದುಬತ್ತಿಗೆ ಮೂಗು ಸುಟ್ಟುಕೊಂಡೆ.

ನಗು ಇಳಿದ ಮೇಲೆ ಸುಮಾ ಆಂಟಿ ಮೆಲ್ಲಗೆ ಕೇಳಿದರು. “ನಾವಿಬ್ರೂ ಹೊರಡ್ತೀವಿ. ನಿಖಿಲ್ ಒಬ್ನನ್ನ, ಎಕ್ಸಾಮ್ ಮುಗಿಯೋವರ್ಗೂ ಯಾರಾದ್ರೂ ಇಟ್ಕೊಳ್ತೀರಾ?”

ಪ್ರಕಾಶ್ ಅಂಕಲ್ ಉಸ್ಲಿಯ ತಟ್ಟೆ ಕೆಳಗಿಟ್ಟರು.

“ನನ್ ರೂಮಲ್ಲಿರ್ಲಿ ಅಪ್ಪ!” ಎಂದು ಕೂಗಿದೆ. ಅಮ್ಮ ತೊಡೆ ಚಿವುಟಿದರು.

“ಇಲ್ಲೇ ಖಾಯಮ್ಮಾಗಿರೋಕೆ ಪಿಆರ್‌ಗೆ ಅಪ್ಲೈ ಮಾಡಿದೀವಿ ಸುಮಾ ಅವ್ರೇ,” ಅಪ್ಪ ಹಿಮದ ಹತ್ತಿಯನ್ನೇ ನೋಡುತ್ತಾ ಹೇಳಿದರು. “ಪಾಸ್ ಇಲ್ದಿರೋರು ಮನೇಲಿದ್ರೆ... ಈ ಟೈಮಲ್ಲಿ ರಿಸ್ಕ್ ಆಗುತ್ತೆ.”

“ನಮ್ದು ಚಿಕ್ಕ ಮನೆ,” ಎಂದರು ಪ್ರಕಾಶ್ ಅಂಕಲ್. ಅವರದು ಈಜುಕೊಳವಿರುವ ದೊಡ್ಡ ಕಾಂಡೋ.

ಸುಮಾ ಆಂಟಿ ಎದ್ದರು. “ನಿಖಿಲ್, ನಮ್ ಗೊಂಬೆ ತಗೋ. ಪ್ಯಾಕ್ ಮಾಡ್ಬೇಕು.”

ಅಮ್ಮ ಗಾಬರಿಯಾದರು. “ಅಯ್ಯೋ, ದಶಮಿಗೆ ಮುಂಚೆ ಗೊಂಬೆ ತೆಗೀಬಾರ್ದು ಕಣ್ರೀ! ಇರ್ಲಿ, ನಮ್ಮನೇಲೇ ಇರ್ಲಿ.”

“ಗೊಂಬೆಗಾದ್ರೆ ಜಾಗ ಇದೆ ಅಲ್ವಾ?”

ನಿಖಿಲ್ ಅಜ್ಜಿಯನ್ನು, ತರಕಾರಿಯವಳನ್ನು, ತಾಯಿಯನ್ನು ಕೋಟೆಯಿಂದ ಎತ್ತಿ ಚೀಲಕ್ಕೆ ಹಾಕಿಕೊಂಡ. ಶೆಟ್ಟರು ಯಾರನ್ನು ಕಾಯುತ್ತಿದ್ದಾರೆಂದು ಆಮೇಲೆ ನೋಡಲು ಬಂದವರಿಗೆ ಗೊತ್ತಾಗಲಿಲ್ಲ. ಪ್ರೈಜನ್ನೇನೂ ಯಾರೂ ವಾಪಸು ಕೇಳಲಿಲ್ಲ.

ಅವನು ಪರೀಕ್ಷೆ ಬರೆಯಲಿಲ್ಲ. ಅವರ ಊರು ದಾವಣಗೆರೆಯಲ್ಲಿ ಒಂದು ಕ್ಲಾಸ್ ಕೆಳಗೆ ಕೂರಿಸಿದರಂತೆ. ನನಗೆ ಒಳ್ಳೆಯ ಸ್ಕೂಲು ಸಿಕ್ಕಿತು, ಅಪ್ಪನಿಗೆ ಪಿಆರ್ ಸಿಕ್ಕಿತು. ಅಂಥ ಹುಚ್ಚು ಪುಸ್ತಕವನ್ನು ಜೊತೆಗೆ ಕೂತು ಓದುವವರು ಮತ್ತೆ ಯಾರೂ ಸಿಗಲಿಲ್ಲ. ಹೋದ ವರ್ಷ ಅವನು ಆಫೀಸ್ ಕೆಲಸದ ಮೇಲೆ ಸಿಂಗಪುರಕ್ಕೆ ಬರುವುದು ತಿಳಿದು ಫೋನ್ ಮಾಡಿದೆ.

“ನಮ್ಮನೇಲೇ ಇರೋ. ನನ್ ರೂಮ್ ಇದೆ.”

“ಹೋಟೆಲ್ ಬುಕ್ ಆಗಿದೆ.”

“ಕ್ಯಾನ್ಸಲ್ ಮಾಡು ಲಾ!”

“ಪರವಾಗಿಲ್ಲ, ನಿಮ್ಗ್ಯಾಕೆ ತೊಂದ್ರೆ.”

ನನಗೆ ‘ನಿಮ್ಗೆ’ ಅಂದ. ಬೈದಿದ್ದರೆ ಒಂದು ಜೋಕ್ ಹೊಡೆದು ಸರಿಮಾಡಿಕೊಳ್ಳುತ್ತಿದ್ದೆ. ಅವನು ಥ್ಯಾಂಕ್ಸ್ ಹೇಳಿ ಫೋನಿಟ್ಟ.