ಹಲ್ಲಿನ ತಟ್ಟೆಯ ಮೇಲಿನ ಗಿಡ

ಇಪ್ಪತ್ತಾರು ವರ್ಷದಿಂದ ಬೇರೆಯವರ ಬಾಯಿಗಾಗಿ ದುಡಿಯುತ್ತಿದ್ದ ಆ ಮನುಷ್ಯನನ್ನು ಬೀದಿಯವರೆಲ್ಲ ದವಡೆ ಮಾಮ ಎಂದೇ ಕರೆಯುತ್ತಿದ್ದರು. ಕಟ್ಟುಹಲ್ಲು ಮಾಡುವುದು ಅವನ ಕಸುಬು. ಮಹಡಿಯ ಮೇಲೆ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕು. ಕೆಳಗೆ, ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಇವನ ಕೆಲಸದ ಮೇಜು. ಅದರ ಹಿಂದೆಯೇ ಮನೆ. ಮೇಲೆ ಕಿತ್ತಿದ್ದಕ್ಕೆ ಕೆಳಗೆ ಬದಲಿ ತಯಾರಾಗುತ್ತಿತ್ತು. ಹುಬ್ಬಿನಲ್ಲಿ, ಕಿವಿಯ ಸಂದಿಯಲ್ಲಿ ಸದಾ ಅಚ್ಚಿನ ಬಿಳಿ ಪುಡಿ ಮೆತ್ತಿಕೊಂಡಿರುತ್ತಿದ್ದ ದವಡೆ ಮಾಮನಿಗೆ ಬಂದವರ ಮುಖ ನೆನಪಿರುತ್ತಿರಲಿಲ್ಲ. ಅವರು ಬಾಯಿ ತೆರೆದ ಮೇಲಷ್ಟೇ "ಓಹೋ, ನೀವಾ! ಚೆನ್ನಾಗಿದೀರಾ?" ಎನ್ನುತ್ತಿದ್ದ.

ಅವನ ಹೆಂಡತಿ ಕಾರು ಓಡಿಸಲು ಕಲಿಸುವವಳು. ದಿನವಿಡೀ ಎಡಗಡೆ ಸೀಟಿನಲ್ಲಿ ಕೂತು "ಬ್ರೇಕು, ಬ್ರೇಕು!" ಎಂದು ಕೂಗಿ ಸಂಜೆ ಮನೆಗೆ ಬಂದರೆ ಮಾತಾಡಲು ಗಂಟಲಿಗೆ ಶಕ್ತಿ ಇರುತ್ತಿರಲಿಲ್ಲ. ಅವನಿಗೋ ಕೇಳಲು ಪುರುಸೊತ್ತಿರುತ್ತಿರಲಿಲ್ಲ. ಹೀಗೆ ಇಬ್ಬರ ಸಂಸಾರ ಜಗಳವಿಲ್ಲದೆ ನಡೆದಿತ್ತು.

ಒಂದು ಬೆಳಿಗ್ಗೆ ಡಾಕ್ಟರಮ್ಮ ಮಗುವನ್ನು ಎತ್ತಿಕೊಂಡಂತೆ ಒಂದು ಕುಂಡವನ್ನು ಎತ್ತಿಕೊಂಡು ಕೆಳಗಿಳಿದು ಬಂದಳು. ಅಂಗೈಯಗಲದ ಎಲೆಗಳು. ಪ್ರತಿ ಎಲೆಯ ನಡುವೆ ತಿಳಿಹಸಿರು ಪಟ್ಟೆ, ಅದರಿಂದ ಮೀನಿನ ಮುಳ್ಳಿನಂತೆ ಹೊರಟ ಕೆಂಪು ನರಗಳು, ಆಚೀಚೆ ಕಡುಗಂದು ಮಚ್ಚೆ. ಯಾರೋ ಕೂತು ಸಣ್ಣ ಕುಂಚದಲ್ಲಿ ಬರೆದ ಹಾಗಿತ್ತು.

"ಎರಡು ತಿಂಗಳು ತಂಗಿ ಮನೆಗೆ ಹೋಗ್ತಿದೀನಿ. ಇದನ್ನ ನೀವೇ ನೋಡ್ಕೋಬೇಕು. ಇದು ಕೈಮುಗಿಯೋ ಗಿಡ. ಸಂಜೆ ಆದ ತಕ್ಷಣ ಎಲೆಯೆಲ್ಲ ಮೇಲಕ್ಕೆತ್ತಿ ಜೋಡಿಸುತ್ತೆ, ಬೆಳಿಗ್ಗೆ ಬಿಡಿಸುತ್ತೆ. ಬೆಳಕು ಬೇಕು, ಬಿಸಿಲು ತಾಗಬಾರದು. ಮಣ್ಣು ಒಣಗಬಾರದು, ಕೆಸರೂ ಆಗಬಾರದು. ನಲ್ಲಿ ನೀರು ಆಗೋದಿಲ್ಲ. ಸುತ್ತ ಗಾಳೀಲಿ ತೇವ ಇರ್ಬೇಕು."

"ಇದು ಗಿಡಾನಾ, ನಿಮ್ಮ ಅತ್ತೆಯವರಾ?" ಎಂದು ಕೇಳಿದ್ದು ಹೆಂಡತಿ. ದವಡೆ ಮಾಮ ಮಾತ್ರ ತಲೆಬಾಗಿ ಕುಂಡವನ್ನು ಇಸಿದುಕೊಂಡ.

ವಹಿಸಿಕೊಂಡ ಕೆಲಸದಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಮಾಡುವ ಜಾತಿಯಲ್ಲ ಅವನು. ಅಚ್ಚು ಕಲಸಲು ತರುತ್ತಿದ್ದ ಬಟ್ಟಿ ಇಳಿಸಿದ ನೀರಿನ ಕ್ಯಾನಿತ್ತು, ಅದರಿಂದಲೇ ಗಿಡಕ್ಕೆ ಹಾಕಿದ. ಗಾಳಿಯಲ್ಲಿ ತೇವ ಇರಬೇಕಾದರೆ ಅಗಲವಾದ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ನೀರು ತುಂಬಿ, ಅದರ ಮೇಲೆ ಕುಂಡ ಇಡಬೇಕೆಂದು ಗಿಡ ಮಾರುವವನು ಹೇಳಿದ. ಮನೆಯಲ್ಲಿ ಬೆಣಚುಕಲ್ಲು ಎಲ್ಲಿಂದ ಬರಬೇಕು? ಆದರೆ ಅಟ್ಟದ ಮೇಲಿನ ಡಬ್ಬದಲ್ಲಿ ಬಣ್ಣ ಹೊಂದದ, ಮೂಲೆ ಮುಕ್ಕಾದ ಹಲ್ಲುಗಳಿದ್ದವು, ಇಪ್ಪತ್ತಾರು ವರ್ಷದವು. ಕೋರೆ, ಬಾಚಿ, ದವಡೆ, ಅಲ್ಲೊಂದು ಇಲ್ಲೊಂದು ಇಡೀ ಸಾಲು. ಅವನ್ನೇ ತಟ್ಟೆಗೆ ಸುರಿದ. ಕಿಟಕಿಯ ಬಳಿ ಗಿಡ ಸಾವಿರ ಹಲ್ಲು ಕಿರಿಯುತ್ತ ಕೂತಿತು. ಬೀದಿಯಲ್ಲಿ ಹೋಗುವವರು ಒಮ್ಮೆ ನೋಡಿ, ಮರುದಿನದಿಂದ ಎದುರು ಬದಿಯಲ್ಲಿ ನಡೆಯತೊಡಗಿದರು.

ಗಿಡ ಚಿಗುರಿತು. ಆದರೆ ಕೈ ಮಾತ್ರ ಮುಗಿಯಲಿಲ್ಲ. ಮೂರು ಸಂಜೆ ದವಡೆ ಮಾಮ ಎವೆಯಿಕ್ಕದೆ ಕಾದ. ಎಲೆಗಳು ಚಾಪೆ ಹಾಸಿದಂತೆ ಅಗಲವಾಗಿಯೇ ಇದ್ದವು.

"ನಾನು ಅಂದ್ರೆ ಇದಕ್ಕೆ ಮರ್ಯಾದೆಯೇ ಇಲ್ಲ," ಎಂದು ಅವನು ನೊಂದುಕೊಂಡ.

"ನೀನು ಆಪರೇಷನ್ ಕೋಣೆ ಥರ ದೀಪ ಉರಿಸ್ಕೊಂಡು ಕೂತ್ರೆ, ಸಂಜೆ ಆಯ್ತು ಅಂತ ಅದಕ್ಕೆ ಯಾರು ಹೇಳ್ಬೇಕು?" ಎಂದಳು ಹೆಂಡತಿ.

ಅವನು ಮೇಜಿನ ದೀಪ ಆರಿಸಿದ. ಕಿಟಕಿಯಲ್ಲಿ ಉಳಿದಿದ್ದ ಬೂದು ಬೆಳಕೂ ಕರಗುತ್ತಿದ್ದಂತೆ, ಕಾಗದ ಮಡಚಿದ ಹಾಗೆ ಸರಕ್ಕೆಂದು ಒಂದು ಸದ್ದು. ಒಂದೊಂದೇ ಎಲೆ ಮೇಲೆದ್ದು ಜೋಡಿಯಾಗಿ ನಿಂತಿತು. ದವಡೆ ಮಾಮ ದಡಬಡಿಸಿ ಎದ್ದು, ಮೇಣದ ಚಾಕು ಹಿಡಿದ ಕೈಯಲ್ಲೇ ತಿರುಗಿ ನಮಸ್ಕರಿಸಿದ. ಆಮೇಲೆ ಹೆಂಡತಿ ನೋಡಿದಳೇನೋ ಎಂದು ಮೂಗು ಕೆರೆದುಕೊಂಡ.

ಅಂದಿನಿಂದ ಆರು ಗಂಟೆಗೆ ದೀಪ ಬಂದ್. ಆದರೆ ಜನ ತಮ್ಮ ಕೆಲಸ ಮುಗಿಸಿ ಬರುತ್ತಿದ್ದುದೇ ಆರರ ಮೇಲೆ. ಬೇಡ ಎನ್ನಲು ಬಾಯಿ ಬರದೆ, ಅವರನ್ನು ಕತ್ತಲಲ್ಲೇ ಸ್ಟೂಲಿನ ಮೇಲೆ ಕೂರಿಸುತ್ತಿದ್ದ.

"ದೀಪ ಕೆಟ್ಟಿದೆಯೇನ್ರೀ?"

"ಇಲ್ಲ. ಅದು ಮಲಗಿದೆ. ಬಾಯಿ ತೆಗೀರಿ, ನನ್ನ ಬೆರಳಿಗೆ ಎಲ್ಲ ಗೊತ್ತು."

ಬೆರಳಿಗೆ ಎಲ್ಲ ಗೊತ್ತಿತ್ತು, ಡಬ್ಬಿಯ ಮೇಲಿನ ಹೆಸರಿನ ಚೀಟಿ ಓದುವುದೊಂದನ್ನು ಬಿಟ್ಟು. ಒಂದು ಸಂಜೆ ಹರಾಜು ಕೂಗುವವನೂ ಲೈಬ್ರರಿಯ ಅಮ್ಮನೂ ಒಟ್ಟಿಗೆ ಬಂದು ಅವನು ಕೊಟ್ಟ ಹಲ್ಲಿನ ಡಬ್ಬಿ ತೆಗೆದುಕೊಂಡು, ಅಲ್ಲೇ ಹಾಕಿಕೊಂಡು, ತಡವರಿಸುತ್ತ ಬಾಗಿಲು ಹುಡುಕಿ ಹೋದರು. ಮರುದಿನ ಬೆಳಿಗ್ಗೆ ಅಚ್ಚುಗಳನ್ನು ಜೋಡಿಸುವಾಗ, ಯಾವ ಡಬ್ಬಿ ಯಾರ ಕೈಗೆ ಕೊಟ್ಟೆನೆಂದು ನೆನೆದ ದವಡೆ ಮಾಮನಿಗೆ ಗೊತ್ತಾಯಿತು. ಅವಳ ಹಲ್ಲು ಅವನಿಗೆ, ಅವನದು ಅವಳಿಗೆ.

ಓಡಿದ. ಲೈಬ್ರರಿಯ ಮೆಟ್ಟಿಲ ಬಳಿಯೇ ಒಳಗಿನಿಂದ "ಸದ್ದು!" ಎಂಬ ಗುಡುಗು ಕೇಳಿಸಿತು. ಒಳಗೆ ಮೂವರು ಓದುಗರು ಬಿದ್ದ ಪುಸ್ತಕಗಳನ್ನು ಎತ್ತಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಪಿಸುಗುಟ್ಟಿಯೇ ಸವೆದಿದ್ದ ಅಮ್ಮ, ಇವನು ವಿಷಯ ಹೇಳಿದ್ದೇ ತಡ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಮುಟ್ಟಿ, ನೋಡೋಣ! ಈಗಷ್ಟೇ ಜನ ನನ್ನ ಮಾತು ಕೇಳ್ತಿದಾರೆ!"

ಹರಾಜಿನ ಮಳಿಗೆಗೆ ಹೋದರೆ ಅಲ್ಲಿ ಎಂದೂ ಇಲ್ಲದ ಮೌನ. ಕೂಗುವವನ ದನಿ ಜೇನಿನಂತೆ ಮೆತ್ತಗಾಗಿತ್ತು. "ಸ" ಎಂದಲ್ಲೆಲ್ಲ "ಶ" ಬರುತ್ತಿತ್ತು. "ಮೂರು ಜನ ಕೂರೋ ಶೋಫಾ," ಎಂದು ಅವನು ಉಸುರಿದರೆ ಜನ ಕುರ್ಚಿಯ ತುದಿಗೆ ಸರಿದು ಕಿವಿಗೊಡುತ್ತಿದ್ದರು. ಶೋಫಾ ಎಂದರೆ ಸೋಫಾಗಿಂತ ಮೇಲ್ದರ್ಜೆಯದು ಎಂದು ತಿಳಿದು ಇಬ್ಬರು ಅದಕ್ಕಾಗಿ ಜಟಾಪಟಿಗೇ ಬಿದ್ದಿದ್ದರು.

"ಹಲ್ಲು ವಾಪಶ್ಶು? ಶಾಧ್ಯವೇ ಇಲ್ಲ," ಎಂದ ಅವನು, ಕಣ್ಣಲ್ಲಿ ನೀರು ತುಂಬಿಕೊಂಡು. "ಮನೇಲಿ ಮಕ್ಕಳು ನನ್ನ ಹತ್ತಿರ ಬಂದು ಕೂರ್ತಿದಾರೆ, ಶ್ವಾಮಿ."

ದವಡೆ ಮಾಮ ಕಾಲೆಳೆಯುತ್ತ ಮನೆಗೆ ಬಂದ. ಇಷ್ಟು ವರ್ಷ ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಸರಿಯಾಗಿ ಅಳೆದು ಕೊಟ್ಟಿದ್ದಕ್ಕೆ ಒಬ್ಬರೂ ಕಣ್ಣೀರು ಹಾಕಿರಲಿಲ್ಲ.

ಸುದ್ದಿಗೆ ಕಾಲು ಬಂತು. ಒಂದು ವಾರದಲ್ಲಿ ಆರು ಗಂಟೆಗೆ ಬಾಗಿಲಲ್ಲಿ ಸಾಲು. "ನನಗೂ ಕತ್ತಲಲ್ಲೇ ಕೊಡಿ. ಯಾರದ್ದಾದ್ರೂ ಆದೀತು." "ನಮ್ಮ ಯಜಮಾನ್ರಿಗೆ ಕಡಿಮೆ ಮಾತಾಡೋರದ್ದು ಸಿಗುತ್ತಾ?" ಬಾಯ್ತುಂಬ ಸ್ವಂತ ಹಲ್ಲಿದ್ದವರೂ ಬಂದು ಕೂತರು. ಅವರವರ ಹಲ್ಲು ಅವರವರಿಗೇ ಎಂದು ಅವನು ಗೋಗರೆದರೂ ಯಾರೂ ಕದಲಲಿಲ್ಲ.

ಡಾಕ್ಟರಮ್ಮ ಊರಿನಿಂದ ಬಂದವಳು ಚೀಲ ಇಳಿಸದೆಯೇ ಒಳಗೆ ಬಂದಳು. ಕತ್ತಲ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಬಾಯಿ ತೆರೆದುಕೊಂಡು ಗಿಡದ ಎದುರು ಕೂತಿದ್ದರು.

"ಏನಿದು? ಯಾರಿಗೂ ದೀಪ ಹಾಕೋಕೆ ಬರಲ್ವಾ?"

"ಸದ್ದು!" ಎಂದು ಗುಡುಗಿತು ಮೂಲೆಯಿಂದ. ಕಟ್ಟುಹಲ್ಲಿನ ಸಡಿಲಾದ ಒಂದು ಕೊಕ್ಕೆ ಬಿಗಿಸಿಕೊಳ್ಳಲು ಬಂದಿದ್ದ ಲೈಬ್ರರಿಯ ಅಮ್ಮನದು ಅದು.

ಡಾಕ್ಟರಮ್ಮ ದೀಪ ಹಾಕಿದಳು. ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡ ಜನ ನಾಚಿ ಒಬ್ಬೊಬ್ಬರೇ ಜಾರಿಕೊಂಡರು. ಅವಳು ಗಿಡದ ಹತ್ತಿರ ಹೋದಳು. ಎರಡು ತಿಂಗಳಲ್ಲಿ ಎರಡರಷ್ಟಾಗಿತ್ತು. ಕುಂಡ ಎತ್ತಿದರೆ, ತಳದ ತೂತಿನಿಂದ ಇಳಿದ ಬೇರುಗಳು ಬಿಗಿಯಾಗಿ ಅಪ್ಪಿಕೊಂಡಿದ್ದ ಕೆಳದವಡೆಯ ಒಂದು ಇಡೀ ಸಾಲು ಜೊತೆಗೇ ತೂಗುತ್ತ ಮೇಲೆ ಬಂತು.

ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನನ್ನ ಹತ್ರ ಒಂದು ದಿನಾನೂ ಇಷ್ಟು ಚೆನ್ನಾಗಿರ್ಲಿಲ್ಲ," ಎಂದಳು. ಅಲ್ಲೇ ನೆಲದ ಮೇಲೆ ಕೂತು ಇಬ್ಬರೂ ಗಿಡವನ್ನು ಎರಡು ಪಾಲು ಮಾಡಿದರು. ಬೇರು ಬಿಡಿಸಲು ಅವನು ಹಲ್ಲು ಕೊರೆಯುವ ಸೂಜಿ ತಂದ. ಒಂದು ಪಾಲು ಮೇಲಕ್ಕೆ ಹೋಯಿತು, ಒಂದು ಕೆಳಗೇ ಉಳಿಯಿತು. "ಹಲ್ಲು ಕೊಡೋದು ಬೆಳಿಗ್ಗೆ ಮಾತ್ರ" ಎಂದು ಡಾಕ್ಟರಮ್ಮನೇ ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದಳು.

ಹೀಗಾಗಿ ದವಡೆ ಮಾಮನಿಗೆ ಸಂಜೆ ಎಂಬುದೊಂದು ದಕ್ಕಿತು. ಅದನ್ನು ಏನು ಮಾಡಬೇಕೆಂದು ಮೊದಮೊದಲು ತೋಚದೆ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿದ್ದ. ಒಂದು ದಿನ ಹೆಂಡತಿ ಬಂದು ಚಪ್ಪಲಿ ಬಿಟ್ಟು ಮಬ್ಬಿನಲ್ಲಿ ಎದುರಿಗೆ ಕೂತಾಗ, ಕೆಮ್ಮಿ, ಗಂಟಲು ಸರಿಮಾಡಿಕೊಂಡು ಕೇಳಿದ:

"ಇವತ್ತು ಏನಾಯ್ತು?"

ಅವಳು ಅನುಮಾನದಿಂದ ಅವನನ್ನೇ ನೋಡಿದಳು.

"ಏನಾಯ್ತು ಅಂದ್ರೆ... ಹೊಸದಾಗಿ ಸೇರಿದ ತಾತ ಒಬ್ರಿದಾರಲ್ಲ, ಅವರು ಬ್ರೇಕ್ ಅಂದ್ರೆ ಹಾರ್ನ್ ಒತ್ತೋದು. ಇವತ್ತು ಹಾರ್ನ್ ಒತ್ತುತ್ತಾ ಒತ್ತುತ್ತಾ ಸೀದಾ ಕ್ಷೌರದಂಗಡಿ ಒಳಗೇ..."

"ಒಳಗೇ?" ಎಂದು ದವಡೆ ಮಾಮ ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.