ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ

ನಾಶಿಕ್ ಪಕ್ಕದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ತಗಡಿಗೆ ರಿವೆಟ್ ಹೊಡೆದು ನಿವೃತ್ತನಾದ ಮೇಲೆ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಸೋರದ ನಲ್ಲಿಯನ್ನು ಬಿಚ್ಚಿ ಮತ್ತೆ ಕೂಡಿಸುತ್ತಿದ್ದೆ. ಅಡಿಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿಟ್ಟು ಹೆಂಡತಿಯಿಂದ ಬೈಸಿಕೊಂಡೆ. ಆ ದಿನಗಳಲ್ಲೇ ಅವಳು ಛತ್ರಪತಿ ಸಂಭಾಜಿನಗರದ ಎರಡು ದಿನದ ಶಿಬಿರವೊಂದಕ್ಕೆ ಹೆಸರು ಕೊಟ್ಟಳು. ಕೌದಿ ಹೊಲಿಯುವುದು, ಬಟ್ಟೆಗೆ ಬಣ್ಣ ಹಾಕುವುದು. ನಾನೂ ಬರುತ್ತೇನೆಂದೆ. ಅವಳ ಮುಖ ಸ್ವಲ್ಪ ಸಣ್ಣದಾಯಿತು. ಆದರೂ ಬೇಡವೆನ್ನಲಿಲ್ಲ.

ಶಿಬಿರ ಒಂದು ಹಳೆಯ ಮನೆಯ ಅಂಗಳದಲ್ಲಿತ್ತು. ಹತ್ತು ಹನ್ನೆರಡು ಹೆಂಗಸರು, ಗಂಡಸು ನಾನೊಬ್ಬನೇ. ಎಲ್ಲರೂ ಕೌದಿಗೆ ಮರಾಠಿಯಲ್ಲಿ ಗೋಧಡಿ ಎನ್ನುತ್ತಿದ್ದರು. ಹೊಲಿಗೆ ಕಲಿಸುವಾಕೆ ಮಾತ್ರ ವಿಜಯಪುರದ ಕಡೆಯವರು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ನಾವು ಧಾರವಾಡದವರೆಂದು ಗೊತ್ತಾದದ್ದೇ ಚಾಪೆ ಎಳೆದುಕೊಂಡು ನಮ್ಮ ಪಕ್ಕ ಬಂದು ಕೂತರು.

ನಾನು ಸ್ಕೇಲು, ಪೆನ್ಸಿಲ್ ತೆಗೆದು ಬಟ್ಟೆಯ ಮೇಲೆ ಗೆರೆ ಎಳೆಯತೊಡಗಿದೆ.

"ಅಣ್ಣಾರ, ಗ್ವಾಡಿ ಕಟ್ಟಾಕತ್ತೀರೇನು?" ಎಂದರು ಆಕೆ. "ಅರಿವಿ ಎತ್ತ ಸೆಳಿತೈತಿ ಅತ್ತ ಸೂಜಿ ಹೋಗಬೇಕ್ರಿ."

"ಸಾಲು ಸೊಟ್ಟ ಆದ್ರ?"

"ಆಗ್ಲಿ ಬಿಡ್ರಿ. ಹೊಚ್ಕೊಂಡು ಮಲಗಿದವ್ರು ಸಾಲು ನೋಡ್ತಾರೇನು?"

ಇಪ್ಪತ್ತು ಹೊಲಿಗೆಗೆ ಕಾಲು ಜೋಮು ಹಿಡಿಯಿತು. ಎದ್ದು ಹೊರಗೆ ಹೋಗಿ ಚಹಾ ಕುಡಿದು ಬಂದೆ. ಮತ್ತೆ ಹೋದೆ. ಮೂರನೇ ಸಲ ಬಂದಾಗ ಹೆಂಡತಿ ಪಕ್ಕದವಳ ಮಾತಿಗೆ ಸೂಜಿ ಕೈಯಲ್ಲಿ ಹಿಡಿದೇ ನಗುತ್ತಿದ್ದಳು. ಮನೆಯಲ್ಲಿ ಅವಳು ಹಾಗೆ ನಕ್ಕು ಎಷ್ಟು ದಿನವಾಯಿತೆಂದು ಲೆಕ್ಕ ಹಾಕಿದೆ, ನೆನಪಾಗಲಿಲ್ಲ. ಆಮೇಲಂತೂ ಕೂರುವುದು ಇನ್ನಷ್ಟು ಕಷ್ಟವಾಯಿತು.

ಮರುದಿನ ಭಾನುವಾರ, ಬಣ್ಣದ ಪಾಳಿ. ಕೌದಿಯ ಮೇಲ್ಪದರಕ್ಕೆಂದು ಹೆಂಡತಿ ತನ್ನದೊಂದು ಹಳೆಯ ಬಿಳಿ ನೂಲಿನ ಸೀರೆ ತಂದು ಬಣ್ಣ ಗಟ್ಟಿಯಾಗಿ ಹಿಡಿಯಲೆಂದು ಪಟಿಕದ ನೀರಲ್ಲಿ ನೆನೆಹಾಕಿದ್ದಳು. ಉಳ್ಳಾಗಡ್ಡಿ ಸಿಪ್ಪೆ ಕುದಿಸಿ ಸೋಸಿದ ಸ್ಟೀಲ್ ಪಾತ್ರೆಯ ನೀರು ಒಳ್ಳೆ ಬಂಗಾರದ ಬಣ್ಣಕ್ಕೆ ಬಂದಿತ್ತು. ಸೀರೆಯನ್ನು ಅದರಲ್ಲಿ ಬಿಟ್ಟು, "ನಾ ಊಟ ಮಾಡಿ ಬರ್ತೀನಿ. ಏನೂ ಮಾಡಬ್ಯಾಡ್ರಿ, ಬರೇ ನೋಡ್ಕೊಂಡಿರ್ರಿ," ಎಂದು ಹೋದಳು.

ಐದು ನಿಮಿಷ ಬರೀ ನೋಡಿದೆ. ಪಾತ್ರೆ ಸಣ್ಣದು, ಸೀರೆ ಪೂರ್ತಿ ಮುಳುಗುತ್ತಿರಲಿಲ್ಲ. ಮೂಲೆಯಲ್ಲಿ ದೊಡ್ಡದೊಂದು ಕಬ್ಬಿಣದ ಕಡಾಯಿ ಬಿದ್ದಿತ್ತು. ಎಲ್ಲವನ್ನೂ ಅದಕ್ಕೆ ಸುರಿದೆ, ಉರಿ ಏರಿಸಿದೆ, ಕೋಲಿನಿಂದ ತಿರುವಿದೆ. ನೋಡುತ್ತಿದ್ದಂತೆ ನೀರು ಕಪ್ಪಗಾಗುತ್ತ ಬಂತು. ಸೀರೆ ಎತ್ತಿದರೆ ಕಾರ್ಖಾನೆಯಲ್ಲಿ ಕೈ ಒರೆಸುವ ಚಿಂದಿಯ ಹಾಗೆ ಕಾಣುತ್ತಿತ್ತು.

"ಕಬ್ಬಿಣ ತಾಗಿದ್ರ ಹಿಂಗ ಆಗತೈತ್ರಿ," ಎಂದರು ಕಲಿಸುವಾಕೆ. "ಇನ್ನ ಹಳದಿ ಬರೂದಿಲ್ಲ."

ಹೆಂಡತಿ ಬಂದು ನೋಡಿದಳು. ಒದ್ದೆ ಸೀರೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು.

ನಾಶಿಕ್ ಬಸ್ಸಿನಲ್ಲಿ ಯೇವಲಾ ದಾಟುವವರೆಗೂ ಅವಳು ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ಆಮೇಲೆ ಹೇಳಿದಳು: "ರಿಟೈರ್ ಆಗಿದ್ದು ನೀವು, ನಾ ಅಲ್ಲ. ಇವೆರಡು ದಿನ ನನಗೊಬ್ಬಾಕಿಗೇ ಬೇಕಾಗಿದ್ವು."

"ಬರಬ್ಯಾಡ್ರಿ ಅನ್ನಬೇಕಾಗಿತ್ತು."

"ಅಂದಿದ್ರ ಮನಿಯೊಳಗ ಒಬ್ರ ಏನ್ ಮಾಡ್ತಿದ್ರಿ?"

ಕಂಡಕ್ಟರನಿಗೆ ನಾಶಿಕ್ ಇನ್ನೆಷ್ಟು ದೂರವೆಂದು ಎರಡು ಸಲ ಕೇಳಿದೆ.

ಮುಂದಿನ ತಿಂಗಳ ಶಿಬಿರಕ್ಕೆ ಅವಳು ಒಬ್ಬಳೇ ಹೊರಟಳು. ಬಸ್ ಸ್ಟ್ಯಾಂಡಿಗೆ ಬಿಟ್ಟವನು ಮನೆಗೆ ಹೋಗಲಾರದೆ ಪಂಚವಟಿಗೆ ಹೋದೆ. ಗೋದಾವರಿಯ ಮೆಟ್ಟಿಲುಗಳ ಮೇಲೆ ಆ ತುದಿಯಿಂದ ಈ ತುದಿಗೆ ನಡೆದೆ. ಹತ್ತು ಗಂಟೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಹನ್ನೊಂದಕ್ಕೂ ಎತ್ತಲಿಲ್ಲ. ಸಂಜೆ ಅವಳೇ ಮಾಡಿದಳು. ದಾಳಿಂಬೆ ಸಿಪ್ಪೆಯ ಬಣ್ಣದ ಬಗ್ಗೆ ಉಸಿರು ಬಿಡದೆ ಹೇಳಿ, ಕೊನೆಗೆ, "ನೀವೇನ್ ಮಾಡಿದ್ರಿ?" ಎಂದಳು.

"ಅಡ್ಡಾಡಿದೆ," ಎಂದೆ.

"ಛಲೋ ಆತು. ನಾಳೆನೂ ಅಡ್ಡಾಡ್ರಿ," ಎಂದಳು.